ಫೂಲ್ಮಣಿಯ ಮುತ್ತಜ್ಜಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದು ನಡೆದದ್ದು ಅಮೆರಿಕದ ಪಾರ್ಸಿಪನಿಯ ನಮ್ಮ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ, ಭಾನುವಾರ ಮಟಮಟ ಮಧ್ಯಾಹ್ನ.

ಊಟಕ್ಕೆ ಬಂದಿದ್ದವಳು ನನ್ನ ಆಫೀಸಿನ ಗೆಳತಿ ಫೂಲ್ಮಣಿ ಸೊರೇನ್. ಕಲ್ಲಿದ್ದಲು ಸೀಮೆ ಝರಿಯಾ ಕಡೆಯ ಸಂತಾಲಿ ಬುಡಕಟ್ಟಿನ ಹುಡುಗಿ, ಬೆಂಗಳೂರಿನಲ್ಲಿ ಓದುವಾಗ ಕನ್ನಡ ಕಲಿತವಳು. ಮೆಟ್ಟಿಲಿಳಿದವಳೇ ಬೆರಳ ಗೆಣ್ಣಿನಿಂದ ಸೀಲಿಂಗ್ ತಟ್ಟಿ ಕಿವಿಗೊಟ್ಟಳು.

"ಇದೇನೇ?" ಎಂದೆ.

"ನಮ್ಮನೆ ಅಭ್ಯಾಸ ಕಣೇ. ಬ್ರಿಟಿಷರ ಕಾಲದಲ್ಲಿ ನಮ್ಮ ಮುತ್ತಜ್ಜಿ ಕಲ್ಲಿದ್ದಲು ಗಣೀಲಿ ಬುಟ್ಟಿ ಹೊರ್ತಿದ್ರು. ಚಾವಣಿ ತಟ್ಟಿ ನೋಡ್ದೆ ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ. ಟೊಳ್ಳು ಸದ್ದು ಬಂದ್ರೆ ಕುಸಿಯುತ್ತೆ ಅಂತ ಅರ್ಥ. ಒಂದ್ಸಲ ಸಾಹೇಬನ್ನೂ ತಡೆದು ನಿಲ್ಸಿದ್ರು!" ಹೇಳುವಾಗ ಅವಳ ಕತ್ತು ನೆಟ್ಟಗಾಗಿತ್ತು.

ಮೇಜಿನ ಮೇಲಿನ ಎರಡು ತಟ್ಟೆಗೆ ಬಿಸಿಬೇಳೆಬಾತ್ ಬಡಿಸಿದೆ. ಹೊರಗೆ ಸ್ನೋ ಬೀಳುತ್ತಿದ್ದರೂ ಒಳಗೆ ಇದ್ದಕ್ಕಿದ್ದಂತೆ ಸೆಕೆ. ಒದ್ದೆ ಕಲ್ಲಿದ್ದಲಿನ ವಾಸನೆ. ಆಮೇಲೆ ಟಕ್, ಟಕ್. ಸದ್ದು ಸೀಲಿಂಗಿನದಲ್ಲ; ನನ್ನ ಎದೆಯೆತ್ತರದಲ್ಲಿ, ಬರೀ ಗಾಳಿಯಲ್ಲಿ, ಅಲ್ಲೊಂದು ತಗ್ಗು ಚಾವಣಿ ಇರುವ ಹಾಗೆ. ಅದು ನಮ್ಮತ್ತಲೇ ಸರಿಯುತ್ತ ಬಂತು. ಮೇಜಿನ ಮೇಲಕ್ಕೆ ಬಂದಾಗ ಸದ್ದು ಟೊಳ್ಳಾಯಿತು.

"ಮೇಲೆ ನಡಿ, ಈಗ್ಲೇ!" ಫೂಲ್ಮಣಿ ನನ್ನ ರಟ್ಟೆ ಹಿಡಿದೆಳೆದಳು.

ಮೆಟ್ಟಿಲು ಹತ್ತಿದ್ದೇ ತಡ, ಕೆಳಗೆ ಬಂಡೆ ಕುಸಿದಂಥ ಸದ್ದು. ಇಳಿದು ನೋಡಿದರೆ ಸೀಲಿಂಗಿನಲ್ಲಿ ಒಂದು ಬಿರುಕೂ ಇಲ್ಲ. ಮೇಜು ಮಾತ್ರ ನಜ್ಜುಗುಜ್ಜಾಗಿತ್ತು.

ಫೂಲ್ಮಣಿ ಕಣ್ಣೊರೆಸಿಕೊಂಡು ನಕ್ಕಳು: "ನೋಡಿದ್ಯಾ? ನಮ್ಮ ಮುತ್ತಜ್ಜಿ ಇನ್ನೂ ಡ್ಯೂಟೀಲಿದ್ದಾರೆ."

ನಾನು ಬಡಿಸಿದ್ದ ತಟ್ಟೆಗಳಲ್ಲೊಂದು ಕೊನೆಯ ಮೆಟ್ಟಿಲ ಮೇಲಿತ್ತು. ಬಾತು ಒಂದಗುಳೂ ಉಳಿಯದೆ ಖಾಲಿಯಾಗಿತ್ತು. ಅಂಚಿನ ಮೇಲಿನ ಕಪ್ಪು ಬೆರಳಚ್ಚು ಎಷ್ಟು ಉಜ್ಜಿದರೂ ಇವತ್ತಿಗೂ ಹೋಗಿಲ್ಲ.