ನೆಲಮಾಳಿಗೆಯ ವಾಲ್ಟರ್

2022ರ ಅಕ್ಟೋಬರ್ 13, ಗುರುವಾರ, ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ವೆಂಡೆಲ್ ಕ್ರೌಸ್ ಮಾಂಸದ ಕೌಂಟರಿನ ಮುಂದೆ ಬಂದು ನಿಂತು, ಎಂದಿನಂತೆ ಟೋಪಿ ತೆಗೆದು, ಎಂದಿನಂತಲ್ಲದ ಒಂದು ಮಾತು ಹೇಳಿದ.

"ಒಂದೂವರೆ ಪೌಂಡ್ ಖೀಮಾ ಕೊಡಿ."

ಕೌಂಟರಿನ ಹಿಂದಿದ್ದ ಮಾರಿಟ್‌ಳ ಕೈ ಗಾಜಿನ ಪೆಟ್ಟಿಗೆಯೊಳಗೇ ನಿಂತಿತು. ಫೆಬ್ರವರಿಯಿಂದ ಈಚೆಗೆ ಪ್ರತಿ ಗುರುವಾರ ಈ ಮನುಷ್ಯ ಒಯ್ಯುತ್ತಿದ್ದದ್ದು ಒಂದು ಪೌಂಡ್ ಬೀಫ್ ಖೀಮಾ. ಮನೆಯಲ್ಲಿ ಅವನು, ಅವನ ಒಂಬತ್ತು ವರ್ಷದ ಮಗಳು. ಇಬ್ಬರಿಗೆ ಒಂದು ಪೌಂಡ್ ಸರಿಯಾದ ಅಳತೆ. ಹಾಗಾದರೆ ಈ ಅರ್ಧ ಪೌಂಡ್ ಯಾರ ತಟ್ಟೆಗೆ?

"ನೆಂಟರು ಬಂದಿದ್ದಾರಾ?" ಅವಳು ಮುಖ ಎತ್ತದೆ ಕೇಳಿದಳು.

"ಇಲ್ಲ. ಬಂದಿಲ್ಲ." ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುವಿದ. "ಅಂದ್ರೆ, ಇನ್ನೂ ಬಂದಿಲ್ಲ."

ಅವಳು ಖೀಮಾವನ್ನು ಕೈಯಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟಳು. 1.50. ಅವಳ ಕೈಯ ಅಂದಾಜು ತಪ್ಪುವುದು ಅಪರೂಪ. ಮನುಷ್ಯರ ವಿಷಯದಲ್ಲಿ ಮಾತ್ರ ತಪ್ಪುತ್ತಿತ್ತು.

ವಿಲೋ ಫೋರ್ಕ್ ಊರಿಗೆ ಊರೇ ದನ ಸಾಕುವವರದು. ಇಲ್ಲಿ ಪ್ರತಿ ಫಾರಂ ಮನೆಯ ಫ್ರೀಜರಿನಲ್ಲೂ ಬಿಳಿ ಕಾಗದದಲ್ಲಿ ಸುತ್ತಿದ ಅರ್ಧ ಹೋರಿಯಾದರೂ ಇರುತ್ತದೆ. ಅಂಗಡಿಯ ಖೀಮಾ ಕೊಳ್ಳುವವರು ಶಾಲೆಯ ಮೇಷ್ಟ್ರುಗಳು, ಚರ್ಚಿನ ಪಾದ್ರಿ, ಊರೊಳಗಿನ ಮುದುಕರು. ವೆಂಡೆಲ್‌ನಂಥ ಇನ್ನೂರು ದನಗಳ ಒಡೆಯ ಬಂದು ಸಾಲಿನಲ್ಲಿ ನಿಂತರೆ ಯಾರಿಗಾದರೂ ವಿಚಿತ್ರ ಅನ್ನಿಸಬೇಕು.

"ಅವನ ದನಗಳಿಗೆ ಏನೋ ಆಗಿದೆ ಕಣೇ," ಎಂದು ಗಲ್ಲಾದ ವರ್ನಾ ಮೊದಲ ತಿಂಗಳೇ ತೀರ್ಪು ಕೊಟ್ಟಿದ್ದಳು. "ಅವಕ್ಕೆ ಆಗಿಲ್ಲ ಅಂದ್ರೆ ಅವನಿಗೇ ಏನೋ ಆಗಿದೆ."

ಮಾರಿಟ್‌ಗೂ ಅನುಮಾನವಿತ್ತು. ಆದರೆ ಗುರುವಾರ ಬಂದರೆ ಸಾಕು, ಅವಳು ಮಧ್ಯಾಹ್ನವೇ ಏಪ್ರನ್ ಬದಲಾಯಿಸುತ್ತಿದ್ದಳು.

ಏಕೆಂದರೆ ಅವನು ಬರೀ ಖೀಮಾ ಕೇಳುತ್ತಿರಲಿಲ್ಲ. "ಮಗು ನಗೋ ಅಂಥದ್ದು ಏನಾದ್ರೂ ಹೇಳಿ. ಸುಲಭ ಇರಬೇಕು. ನನಗೆ ಒಂದೇ ಬಾಣಲೆ ಗೊತ್ತಿರೋದು," ಎನ್ನುತ್ತಿದ್ದ. ಅವಳು ವಾರಕ್ಕೊಂದು ಹೇಳಿಕೊಟ್ಟಳು. ಖೀಮಾಕ್ಕೆ ಅಕ್ಕಿ ಕಲಸಿ ಉಂಡೆ ಕಟ್ಟಿ ಟೊಮೆಟೊ ಸಾರಿನಲ್ಲಿ ಬೇಯಿಸಿದರೆ ಅಕ್ಕಿ ಹೊರಚಾಚಿ ನಿಂತು ಮುಳ್ಳುಹಂದಿಯಾಗುತ್ತದೆ. ಹುರಿದ ಖೀಮಾವನ್ನು ಚಿಪ್ಸ್ ಪೊಟ್ಟಣದೊಳಕ್ಕೇ ಸುರಿದು ಚೀಸ್ ಉದುರಿಸಿದರೆ ಪೊಟ್ಟಣವೇ ತಟ್ಟೆ. ಬಟಾಣಿ ಕಣ್ಣು, ಕ್ಯಾರೆಟ್ ಮೂಗು, ಆಲೂಗೆಡ್ಡೆ ಮುದ್ದೆಯ ಗಡ್ಡ ಇಟ್ಟರೆ ಓವನ್ನಿನಿಂದ ಒಬ್ಬ ಮುದುಕ ಹೊರಬರುತ್ತಾನೆ.

ಮುಂದಿನ ಗುರುವಾರ ಬಂದು ಅವನು ವರದಿ ಒಪ್ಪಿಸುತ್ತಿದ್ದ. "ಮುದುಕನ ಗಡ್ಡ ಸುಟ್ಟೋಯ್ತು. ನನ್ನ ಮಗಳು ಟಿಲ್ಲಿ ಅವನಿಗೆ ನನ್ನ ಹೆಸರೇ ಇಟ್ಟಳು."

ಹಾಗೆ ಹೇಳುವಾಗ ಅವನ ಎಡಗಣ್ಣಿನ ಪಕ್ಕದಲ್ಲಿ ಮೂರು ಗೆರೆ ಮೂಡುತ್ತಿದ್ದವು. ಬಲಗಣ್ಣಿನ ಪಕ್ಕದಲ್ಲಿ ಎರಡೇ. ಬೇಡವೆಂದುಕೊಂಡರೂ ಅವಳು ಅದನ್ನು ಗಮನಿಸಿಬಿಟ್ಟಿದ್ದಳು.

ಗಮನಿಸುವುದು ಅವಳ ರೋಗ. ಮದುವೆಯಾಗಿ ಸೂ ಫಾಲ್ಸ್ ನಗರದಲ್ಲಿದ್ದಾಗ ಗಂಡನ ಕಾರಿನ ಮೀಟರು ಅವನು ಹೇಳಿದ್ದಕ್ಕಿಂತ ಹೆಚ್ಚು ಮೈಲಿ ತೋರಿಸುತ್ತಿತ್ತು. ಎರಡು ವರ್ಷ ಅವಳು ಮೀಟರು ಕೆಟ್ಟಿದೆ ಎಂದೇ ನಂಬಿದ್ದಳು. ಕೆಟ್ಟಿದ್ದು ಮೀಟರಲ್ಲ. ಆ ಮೈಲಿಗಳ ಕೊನೆಯಲ್ಲಿ ಇನ್ನೊಂದು ಮನೆಯಿತ್ತು. ಅಂದಿನಿಂದ ಅವಳಿಗೆ ಒಂದೇ ನಿಯಮ: ಅಳತೆ ಹೊಂದದಿದ್ದರೆ ಎದ್ದು ಹೊರಡುವುದು.

ಹೊರಡಲು ಈಗ ದಾರಿಯೂ ತೆರೆದಿತ್ತು. ಸೂ ಫಾಲ್ಸ್‌ನ ಒಂದು ದೊಡ್ಡ ಅಂಗಡಿಯವರು ಕೆಲಸಕ್ಕೆ ಕರೆದಿದ್ದರು. ನಾಳೆ ಉತ್ತರ ಕೊಡಬೇಕಿತ್ತು. ಇಲ್ಲಿ ಉಳಿಯಲು ಅವಳಿಗಿದ್ದ ಕಾರಣ ಒಂದೇ, ಅದು ಈಗ ಟೋಪಿ ತಿರುವುತ್ತಾ ಎದುರಿಗೆ ನಿಂತಿತ್ತು.

ಅವನ ಫೋನು ಹೊಡೆದುಕೊಂಡಿತು. ಅವನು ಬ್ರೆಡ್ ಇಟ್ಟಿದ್ದ ಕಡೆಗೆ ನಾಲ್ಕು ಹೆಜ್ಜೆ ಸರಿದು, ದನಿ ತಗ್ಗಿಸಿದ. ತಗ್ಗಿಸಿದ ದನಿಗಳನ್ನು ಕೇಳಿಸಿಕೊಳ್ಳುವುದರಲ್ಲಿ ಮಾರಿಟ್‌ಗೆ ಅಭ್ಯಾಸವಿತ್ತು.

"ಹೇಳು ಪುಟ್ಟಾ... ಇಲ್ಲ, ವಾಲ್ಟರ್‌ನ ನಾನು ಮುಟ್ಟಿಲ್ಲ. ಅವನು ನೆಲಮಾಳಿಗೆಯಲ್ಲೇ ಇದ್ದಾನೆ. ಎಲ್ಲಿಗೆ ಹೋಗ್ತಾನೆ ಹೇಳು?... ಯಾರಿಗೂ ಹೇಳಿಲ್ಲ. ಆಣೆ."

ಖೀಮಾದ ಪೊಟ್ಟಣಕ್ಕೆ ಟೇಪು ಹಚ್ಚುತ್ತಿದ್ದ ಅವಳ ಬೆರಳಿಗೆ ಟೇಪು ಅಂಟಿಕೊಂಡಿತು.

ಫೋನ್ ಇಟ್ಟು ಬಂದವನು ಬಾಯಿ ತೆರೆದ. "ಮಾರಿಟ್, ಇವತ್ತು ಸಂಜೆ ನೀವು..." ಅಷ್ಟರಲ್ಲಿ ವರ್ನಾ ನೆಲ ಒರೆಸುವ ಕೋಲು ಹಿಡಿದು ಇಬ್ಬರ ನಡುವೆ ಬಂದಳು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ವೆಂಡೆಲ್‌ನ ಕಿವಿ ಕೆಂಪಾಯಿತು. "ಏನಿಲ್ಲ. ಬರ್ತೀನಿ," ಎಂದು ಒಂದು ಬ್ರೆಡ್ ಎತ್ತಿಕೊಂಡು ಹೊರಟೇಬಿಟ್ಟ.

ಖೀಮಾ ಗಾಜಿನ ಮೇಲೆಯೇ ಉಳಿಯಿತು.

"ಮಾಂಸಕ್ಕೆ ಬಂದೋನು ಮಾಂಸಾನೇ ಬಿಟ್ಟು ಹೋದ," ವರ್ನಾ ಕೋಲಿಗೆ ಗಲ್ಲ ಊರಿದಳು. "ನಾನು ಹೇಳ್ಲಿಲ್ವಾ?"

"ಈ ಊರಲ್ಲಿ ವಾಲ್ಟರ್ ಅಂತ ಯಾರಾದ್ರೂ ಇದ್ದಾರಾ?"

"ಒಬ್ಬ ಇದ್ದ, ಪೋಸ್ಟ್ ಆಫೀಸಲ್ಲಿ. ಸತ್ತು ಹನ್ನೊಂದು ವರ್ಷ ಆಯ್ತಲ್ಲ. ಯಾಕೇ?"

"ಸುಮ್ಮನೆ ಕೇಳಿದೆ."

"ನೀನು ಸುಮ್ಮನೆ ಏನನ್ನೂ ಕೇಳೋಳಲ್ಲ."

ಆರು ಗಂಟೆಗೆ ಅಂಗಡಿ ಮುಚ್ಚಿದ ಮೇಲೆ ಮಾರಿಟ್ ಪೊಟ್ಟಣವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಜಲ್ಲಿ ರಸ್ತೆ ಹಿಡಿದಳು. ಊಟಕ್ಕಿಲ್ಲದೆ ಮಗು ಕಾಯುತ್ತಿದೆ ಎಂಬುದು ಅವಳು ತನಗೆ ತಾನೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ನೆಲಮಾಳಿಗೆಯಲ್ಲಿತ್ತು. ಇಕ್ಕೆಲದ ಹೊಲಗಳಲ್ಲಿ ಜೋಳ ಕೊಯ್ಯುವ ಯಂತ್ರಗಳು ಎಬ್ಬಿಸಿದ ಧೂಳಿಗೆ ಬಿಸಿಲು ಬಿದ್ದು, ಗಾಳಿಯೇ ಹುರಿದ ಬಣ್ಣಕ್ಕೆ ತಿರುಗಿತ್ತು.

ಬಾಗಿಲು ಒಂದಿಷ್ಟೇ ತೆರೆಯಿತು. ಸರಪಳಿಯ ಹಿಂದೆ ಒಂದು ಕಣ್ಣು.

"ಯಾರು?"

"ಮಾರಿಟ್. ಅಂಗಡಿಯಿಂದ. ನಿಮ್ಮಪ್ಪ ಖೀಮಾ ಬಿಟ್ಟು ಬಂದಿದ್ರು."

"ಅಪ್ಪ ಅದನ್ನ ತರೋಕೇ ವಾಪಸ್ ಹೋಗಿದಾನೆ, ಟಾರು ರಸ್ತೇಲಿ." ಕಣ್ಣು ಕಿರಿದಾಯಿತು. "ನೀವೇ ಮಾರಿಟ್ ಅನ್ನೋಕೆ ಏನು ಗ್ಯಾರಂಟಿ?"

ಈ ಪ್ರಶ್ನೆ ಮಾರಿಟ್‌ಗೆ ಹಿಡಿಸಿತು. "ನೀನೇ ಪರೀಕ್ಷೆ ಮಾಡು."

ಬಾಗಿಲು ಮುಚ್ಚಿತು, ಸರಪಳಿ ಸದ್ದಾಯಿತು, ಪೂರ್ತಿ ತೆರೆಯಿತು. ಟಿಲ್ಲಿ ಒಂದು ಬೂದುಬಣ್ಣದ ಬೆಕ್ಕನ್ನು ಎತ್ತಿಕೊಂಡು ನಿಂತಿದ್ದಳು. "ನಿಜವಾದ ಮಾರಿಟ್ ಕೈಯಲ್ಲಿ ಎತ್ತಿ ತೂಕ ಹೇಳ್ತಾಳೆ ಅಂತ ಅಪ್ಪ ಹೇಳಿದಾನೆ. ಇದು ಎಷ್ಟು?"

ಮಾರಿಟ್ ಬೆಕ್ಕನ್ನು ಎತ್ತಿ ನೋಡಿ ವಾಪಸ್ ಕೊಟ್ಟಳು. "ಒಂಬತ್ತು ಪೌಂಡ್. ಮೇಲೆ ಸ್ವಲ್ಪ. ಈಗ ತಾನೇ ಏನೋ ತಿಂದಿದೆ."

"ಬೆಣ್ಣೆ," ಹುಡುಗಿ ಒಪ್ಪಿಕೊಂಡಳು. "ಕದ್ದು. ಒಳಗೆ ಬನ್ನಿ."

ಅಡುಗೆಮನೆಯ ಮೇಜಿನ ಮೇಲೆ ಮೂರು ತಟ್ಟೆ. ಅರ್ಧ ಪೌಂಡ್ ಇಲ್ಲಿಗೆ, ಈ ಮೂರನೇ ತಟ್ಟೆಗೆ. ಅದರ ಪಕ್ಕದಲ್ಲಿ ಮಾತ್ರ ಮಡಿಸಿಟ್ಟ ಬಟ್ಟೆಯ ನ್ಯಾಪ್ಕಿನ್.

"ಇದು ಯಾರಿಗೆ?"

"ಅಪ್ಪ ಹೇಳ್ತಿಲ್ಲ. ನಂಗೂ ಅನುಮಾನ ಇದೆ."

"ವಾಲ್ಟರ್‌ಗಾ?"

ಹುಡುಗಿಯ ಮುಖ ಬಿಳುಚಿತು. ಅವಳು ಬೆಕ್ಕನ್ನು ನೆಲಕ್ಕಿಳಿಸಿದಳು. "ನಿಮಗೆ ವಾಲ್ಟರ್ ವಿಷಯ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಕೇಳಿಸ್ತು."

ಟಿಲ್ಲಿ ಗೋಡೆಯ ಪಕ್ಕದ ಕಿರುಬಾಗಿಲು ತೆರೆದಳು. "ಬನ್ನಿ. ಆದ್ರೆ ಮುಟ್ಟಬಾರದು."

ಮೆಟ್ಟಿಲಿನಲ್ಲಿ ಒಂದೇ ಬಲ್ಬು. ಮಾರಿಟ್‌ಳ ಬಲಗೈ ಕೋಟಿನ ಜೇಬಿನೊಳಗೆ ಮಾಂಸಕ್ಕೆ ಚುಚ್ಚಿ ಬಿಸಿ ನೋಡುವ ಥರ್ಮಾಮೀಟರನ್ನು ಹಿಡಿದುಕೊಂಡಿತ್ತು. ಅದರ ಮೊನಚು ಅಂಥ ದೊಡ್ಡ ಆಯುಧವೇನಲ್ಲ, ಆದರೂ ಇರಲಿ ಎಂದು. ಕೆಳಗೆ ತೇವದ ವಾಸನೆ, ಆಲೂಗೆಡ್ಡೆಯ ಬುಟ್ಟಿಗಳು, ಮೂಲೆಯಲ್ಲಿ ಗುಂಯ್ ಎನ್ನುತ್ತಿದ್ದ ಉದ್ದನೆಯ ಫ್ರೀಜರ್. ಅದರ ಮೇಲೆ ಒಂದು ಸಣ್ಣ ಮೂಗುದಾಣ, ಹಾಲು ಕುಡಿಸುವ ದೊಡ್ಡ ಬಾಟಲಿ, ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಿತ್ರ. ಚಿತ್ರದಲ್ಲಿ ಬಿಳಿ ಹಣೆಯ ಕೆಂಪು ಹೋರಿ.

ಟಿಲ್ಲಿ ಅವನ್ನೆಲ್ಲ ಪಕ್ಕಕ್ಕಿಟ್ಟು ಮುಚ್ಚಳ ಎತ್ತಿದಳು. ಬಿಳಿ ಕಾಗದದ ಪೊಟ್ಟಣಗಳು, ಒಂದರ ಮೇಲೊಂದು, ತುದಿಯವರೆಗೆ. ಎಲ್ಲದರ ಮೇಲೂ ಒಂದೇ ಸಮನೆ ಹರಡಿದ ಹಿಮ. ಒಂದು ಬೆರಳಿನ ಗುರುತೂ ಇರಲಿಲ್ಲ.

"ವಾಲ್ಟರ್ ಹುಟ್ಟಿದ ದಿನಾನೇ ಅವನಮ್ಮ ಸತ್ತೋದಳು," ಟಿಲ್ಲಿ ಹೇಳಿದಳು. "ನಾನೇ ಹಾಲು ಕುಡಿಸಿದ್ದು. ಜನವರೀಲಿ ಮಂಜುಗಡ್ಡೆ ಮೇಲೆ ಜಾರಿ ಕಾಲು ಮುರ್ಕೊಂಡ. ಬೇರೆ ದಾರಿ ಇರ್ಲಿಲ್ಲ ಅಂದ ಅಪ್ಪ. ಇರ್ಲಿಲ್ಲ, ನಂಗೂ ಗೊತ್ತು. ಆದ್ರೆ ತಿನ್ನೋಕಾಗಲ್ಲ."

ಥರ್ಮಾಮೀಟರ್ ಹಿಡಿದ ಕೈ ಜೇಬಿನೊಳಗೆ ಸಡಿಲವಾಯಿತು.

"ಅದಕ್ಕೇ ದಿನಾ ಊಟಕ್ಕೆ ಮುಂಚೆ ಕೇಳ್ತೀನಿ, ಇದು ಯಾರು ಮಾಡಿದ ಖೀಮಾ ಅಂತ. ಅಪ್ಪ ನಿಮ್ಮ ಹೆಸರು ಹೇಳ್ತಾನೆ. ಆಮೇಲೆ ತಿಂತೀವಿ."

"ದಿನಾನಾ?"

"ಗುರುವಾರದ ಖೀಮಾ ಶುಕ್ರವಾರಕ್ಕೆ ಮುಗಿಯುತ್ತೆ. ಆದ್ರೂ ಕೇಳ್ತೀನಿ. ಕೋಳಿ ಮಾಡಿದ ದಿನಾನೂ ಅಪ್ಪ ನಿಮ್ಮ ಹೆಸರೇ ಹೇಳ್ತಾನೆ."

ಮಾರಿಟ್ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಎಂಟು ತಿಂಗಳಿಂದ ಊರಾಚೆಯ ಒಂದು ಮನೆಯಲ್ಲಿ, ಅನ್ನದ ಮುಂದೆ, ತನ್ನ ಹೆಸರು ಕೇಳಿಬರುತ್ತಿತ್ತು. ಆಗೆಲ್ಲ ಅವಳು ಬಾಡಿಗೆ ಕೋಣೆಯಲ್ಲಿ ಟಿವಿ ನೋಡುತ್ತಾ ಒಬ್ಬಳೇ ಸೂಪು ಕುಡಿಯುತ್ತಿದ್ದಳು.

ಮೇಲೆ ಬೂಟಿನ ಸದ್ದಾಯಿತು. ವೆಂಡೆಲ್ ಅರ್ಧ ಮೆಟ್ಟಿಲಿಳಿದು ನಿಂತ. ಅವಳನ್ನು, ತೆರೆದ ಫ್ರೀಜರನ್ನು, ಮಗಳನ್ನು ನೋಡಿದ.

"ಅಂಗಡಿ ಮುಚ್ಚಿತ್ತು," ಎಂದ.

"ನಾನು ಇಲ್ಲಿದ್ದೆ."

"ಇವರು ನಿಜವಾದ ಮಾರಿಟ್," ಟಿಲ್ಲಿ ವರದಿ ಕೊಟ್ಟಳು. "ನಾನು ಚೆಕ್ ಮಾಡಿದೀನಿ." ಅಪ್ಪನನ್ನು ದಾಟಿಕೊಂಡು ಬೆಕ್ಕನ್ನು ಹುಡುಕಿ ಮೇಲಕ್ಕೆ ಹೋದಳು.

ಮಾರಿಟ್ ಎದ್ದು ನಿಂತಳು. "ಒಂದು ಪ್ರಶ್ನೆ. ನಿಮಗೆ ಇನ್ನೂರು ದನ ಇದೆ. ಬೇರೆ ಒಂದನ್ನ ಕಡಿಸಿ ಇಡಬಹುದಿತ್ತು."

"ಇಡಬಹುದಿತ್ತು." ಅವನು ಕಂಬಿಯನ್ನು ಹಿಡಿದ. "ಟಿಲ್ಲಿ ನಂಬ್ತಿರಲಿಲ್ಲ. ಬಿಳಿ ಕಾಗದ ಕಂಡ್ರೆ ವಾಲ್ಟರ್ ಅಂತಾಳೆ. ಫೆಬ್ರವರಿ, ಮಾರ್ಚ್ ಅದಕ್ಕೇ ಬಂದೆ."

"ಏಪ್ರಿಲ್?"

ಅವನ ಎಡಗಣ್ಣಿನ ಪಕ್ಕ ಗೆರೆಗಳು ಮೂಡಿದವು. "ಏಪ್ರಿಲ್‌ನಿಂದ ಕಾರಣ ಬೇರೆ."

"ಮೂರನೇ ತಟ್ಟೆ?"

"ಕರೆಯೋಕೇ ಅಂತ ಬಂದಿದ್ದೆ. ವರ್ನಾ ಕೋಲು ಹಿಡ್ಕೊಂಡು ಬಂದಳು."

"ನಾನು ಒಪ್ಪೋದಕ್ಕೆ ಮುಂಚೇನೇ ಅರ್ಧ ಪೌಂಡ್ ಜಾಸ್ತಿ ಕೇಳಿದ್ರಿ."

"ಹೂಂ. ಹಿಂದೆ ಸರಿಯೋಕೆ ಆಗಬಾರದು ಅಂತ."

ಅವಳಿಗೆ ನಗು ಬಂತು, ತಡೆದುಕೊಂಡಳು. ಅನುಮಾನ ಅಷ್ಟು ಬೇಗ ಬಿಡುವ ಗುಣವಲ್ಲ. "ನಾಳೆ ಸೂ ಫಾಲ್ಸ್‌ಗೆ ಉತ್ತರ ಹೇಳಬೇಕು. ಅಲ್ಲಿ ಕೆಲಸಕ್ಕೆ ಕರೆದಿದ್ದಾರೆ. ಒಂದು ಸಲ ಗಂಡನ ಸುಳ್ಳು ನಂಬಿ ಕೂತಿದ್ದೆ, ವೆಂಡೆಲ್. ಇನ್ನೊಂದು ಸಲ ಕೂರೋಕೆ ನನ್ನ ಕೈಲಾಗಲ್ಲ. ಇನ್ನೂ ಏನಾದ್ರೂ ಮುಚ್ಚಿಟ್ಟಿದ್ರೆ ಈಗಲೇ ಹೇಳಿ."

ಅವನು ತಕ್ಷಣ ಇಲ್ಲ ಎನ್ನಲಿಲ್ಲ. ಯೋಚಿಸಿದ. ಅದನ್ನೂ ಅವಳು ಗಮನಿಸಿದಳು.

"ಒಂದಿದೆ," ಎಂದ ಕೊನೆಗೆ. "ಆ ಮುಳ್ಳುಹಂದಿ ಉಂಡೆ ನನಗೆ ಇಷ್ಟ ಇಲ್ಲ. ಅಕ್ಕಿ ಹಲ್ಲಿಗೆ ಸಿಕ್ಕುತ್ತೆ. ಚೆನ್ನಾಗಿದೆ ಅಂತ ನಿಮಗೆ ನಾಲ್ಕು ಸಲ ಹೇಳಿದೀನಿ."

"ನಾಲ್ಕಲ್ಲ, ಐದು."

"ಐದು." ಅವನು ಒಂದು ಮೆಟ್ಟಿಲು ಕೆಳಗಿಳಿದ. ಈಗ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು. "ಹೋಗಬೇಡ, ಮಾರಿಟ್. ಬೇರೆಯವರ ಹೆಸರು ಹೇಳಿದ್ರೆ ಈ ಮನೇಲಿ ಊಟ ಒಳಗಿಳಿಯಲ್ಲ."

"ಟಿಲ್ಲಿಗಾ?"

"ನನಗೆ."

ಫ್ರೀಜರ್ ಗುಂಯ್ ಎನ್ನುತ್ತಲೇ ಇತ್ತು. ಮಾರಿಟ್ ಹೋಗಿ ಅದರ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಮೂಗುದಾಣವನ್ನು ಇದ್ದ ಜಾಗದಲ್ಲೇ ಇಟ್ಟಳು. ವಾಪಸ್ ಬರುವಾಗ ಕಂಬಿಯ ಮೇಲಿದ್ದ ಅವನ ಕೈಯ ಮೇಲೆ ಅವಳ ಕೈ ಕೂತಿತು. ಎಷ್ಟು ಹೊತ್ತೆಂದು ಅವಳು ಅಳೆಯಲಿಲ್ಲ.

ಆ ಸಂಜೆ ಅವರು ಮಾಡಿದ್ದು ಗಡ್ಡದ ಮುದುಕನನ್ನು. ಕಣ್ಣುಗಳನ್ನು ಟಿಲ್ಲಿ ಇಟ್ಟಳು, ಒಂದು ಮೇಲೆ, ಒಂದು ಕೆಳಗೆ. ತಟ್ಟೆಗೆ ಬಡಿಸಿದ ಮೇಲೆ ಅವಳು ಚಮಚ ಎತ್ತದೆ ಎಂದಿನ ಪ್ರಶ್ನೆ ಕೇಳಿದಳು.

"ಇದು ಯಾರು ಮಾಡಿದ ಖೀಮಾ?"

ವೆಂಡೆಲ್ ಎದುರಿಗೆ ಕೂತಿದ್ದ ಮಾರಿಟ್ ಕಡೆ ನೋಡಿದ.

"ನಾನು," ಎಂದಳು ಮಾರಿಟ್. ಮೂವರೂ ತಿಂದರು.

ಮುಂದಿನ ಗುರುವಾರ ಅಪ್ಪ, ಮಗಳು ಇಬ್ಬರೂ ಕೌಂಟರಿಗೆ ಬಂದರು. ವರ್ನಾ ಆಗಲೇ ಕೋಲು ಹಿಡಿದು ಹತ್ತಿರದಲ್ಲೇ ಎಲ್ಲೋ ಒರೆಸುತ್ತಿದ್ದಳು.

"ಎಷ್ಟು ಕೊಡಲಿ?" ಮಾರಿಟ್ ಕೇಳಿದಳು. ಸೂ ಫಾಲ್ಸ್‌ಗೆ ಬರುವುದಿಲ್ಲವೆಂದು ಅವಳು ಶುಕ್ರವಾರವೇ ಫೋನ್ ಮಾಡಿದ್ದಳು.

"ಒಂದೂವರೆ ಪೌಂಡ್," ವೆಂಡೆಲ್ ಅಂಗಡಿಗೆಲ್ಲ ಕೇಳುವಂತೆ ಹೇಳಿದ. "ಮೂರು ಜನಕ್ಕೆ."

ವರ್ನಾಳ ಕೋಲು ನಿಂತಿತು.

ಮಾರಿಟ್ ಎಂದಿನಂತೆ ಕೈಯಲ್ಲಿ ಎತ್ತಿ ಇಟ್ಟಳು. ಅವನು ಅವಳನ್ನೇ ನೋಡುತ್ತಿದ್ದ, ಅವಳು ತಕ್ಕಡಿಯನ್ನು ನೋಡುತ್ತಿರಲಿಲ್ಲ. ಕಾಗದ ಸುತ್ತುವ ಮೊದಲು ಒಮ್ಮೆ ನೋಡಿದಳು. ಹೆಚ್ಚಾಗಿತ್ತು. ತೆಗೆಯಲಿಲ್ಲ.

1.58 ಪೌಂಡ್.