ಬಲಗಿವಿಯ ಉಸಿರು

ಆ ಕಪ್ಪು ಕೋಲನ್ನು ಬ್ಯಾಗ್‌ಪೈಪ್ ಎಂದು ಕರೆಯಲು ನನಗೆ ಇವತ್ತಿಗೂ ನಾಚಿಕೆ. ಅದಕ್ಕೆ ಚೀಲವಿಲ್ಲ, ಬಾಯಿಗಿಟ್ಟು ಊದುವ ನಳಿಗೆಯೂ ಇಲ್ಲ. ಬೆರಳು ತಾಗಿದರೆ ಬ್ಯಾಟರಿಯ ಬಲದಲ್ಲಿ ನುಡಿಯುತ್ತದೆ. ಆದರೆ ನನ್ನ ತಮ್ಮ ಅಝೀಮನಿಗೆ ಉಬ್ಬಸ, ಇನ್ನು ಊದಕೂಡದೆಂದು ಡಾಕ್ಟರು ಹೇಳಿದ್ದರು. ಬೆಟಗೇರಿಯ ಬ್ಯಾಂಡಿನಲ್ಲಿ ಅವನ ಜಾಗ ಉಳಿಯಬೇಕಾದರೆ ಈ ಕೋಲೇ ಗತಿಯಾಗಿತ್ತು.

ಮುಂಡರಗಿಯ ಮದುವೆಗೆ ಹೊರಡುವ ಮುಂಜಾನೆ ಬ್ಯಾಂಡಿನ ಮಾಲೀಕ ಜಾವೀದ ಬಂದು ಕುಳಿತ.

"ಹುಡುಗೂರ ಆಟಗಿ ಸಾಮಾನರಿ ಇದು, ಆಪಾ. ನಿಮ್ಮ ಅಬ್ಬಾ ಊದಿದ್ರ ಸ್ಟೇಷನ್ ತನಕಾ ಕೇಳತಿತ್ತು."

"ಊದಿ ಊದಿನ ಸತ್ರು. ನೀ ಸುಮ್ಮ ಚಾ ಕುಡಿ."

ಕೋಲಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಬಲ್ಲವಳು ನಾನೊಬ್ಬಳೇ. ಹೆಡ್‌ಫೋನ್ ಹಾಕಿಕೊಂಡು, ಅಝೀಮನಿಗೆ ನುಡಿಸಲು ಹೇಳಿ, ಮಾರ್ದನಿ ಕೊಡುವ ರೀವರ್ಬನ್ನು ಏರಿಸಿದೆ. ಪ್ರತಿ ಸಾಲಿಗೂ ಮೊದಲು ದೂರದಲ್ಲಿ ಯಾರೋ ಉಸಿರೆಳೆದುಕೊಂಡರು. ರೀವರ್ಬನ್ನು ಸೊನ್ನೆಗಿಳಿಸಿದೆ. ಉಸಿರು ಹತ್ತಿರ ಬಂತು. ಎರಡು ಕಿವಿಗೂ ನಾದ ಹಂಚುವ ಸ್ಟಿರಿಯೋವನ್ನು ಪೂರ್ತಿ ಎಡಕ್ಕೆ ಸರಿಸಿದೆ. ನಾದವೆಲ್ಲ ಎಡಕ್ಕೆ ಹೋಯಿತು. ಉಸಿರು ಮಾತ್ರ ಬಲಗಿವಿಯಲ್ಲೇ ಉಳಿಯಿತು, ಬೆಚ್ಚಗೆ, ತುಸು ಒದ್ದೆಯಾಗಿ. ಅಝೀಮ ಬಾಯಿ ಮುಚ್ಚಿಕೊಂಡು ನನ್ನೆದುರೇ ಕುಳಿತಿದ್ದ.

ಅಗ್ಗದ ಮಾಲು ಇನ್ನೇನು ಮಾಡೀತು ಎಂದು ಬೈದುಕೊಂಡು, ಸ್ಟಿರಿಯೋವನ್ನು ನಡುವಿಗೆ ತಂದು, ಅಝೀಮನನ್ನು ಮದುವೆಗೆ ಕಳಿಸಿಕೊಟ್ಟೆ.

ಸಂಜೆ ಜಾವೀದನೇ ಅವನನ್ನು ಕರೆತಂದ. "ಮೂರು ತಾಸು ನಿಂದ್ರಲಾರದ ನುಡಿಸಿದ, ಆಪಾ. ಖರೆ ಹೇಳ್ತೀನಿ, ನಿಮ್ಮ ಅಬ್ಬಾನ್ನ ನೆನಪಿಸಿಬಿಟ್ಟ."

ಅಝೀಮ ನೀರು ಕೇಳಿದ. ಕೊಟ್ಟರೆ ಕುಡಿಯಲಾಗಲಿಲ್ಲ. ಅವನ ಕೆಳತುಟಿಯ ಮೇಲೆ, ನಳಿಗೆ ಕಚ್ಚಿ ಹಿಡಿದವರಿಗೆ ಆಗುವಂಥ ದುಂಡನೆಯ ಗಾಯ ಇನ್ನೂ ಹಸಿಯಾಗಿತ್ತು.