ಉಳಿದ ಐದು ತಿಂಗಳು

“ಅದನ್ನ ಹಂಗೇ ಕಿತ್ತಾಕಬ್ಯಾಡ್ರಿ ಸಾರ್,” ಎಂದರು ಪ್ರೇಮಮ್ಮ. ಕೆಳಗಿನ ಮನೆಯ ಆಕೆ ಅರ್ಧ ಮೆಟ್ಟಿಲು ಹತ್ತಿ ನಿಂತಿದ್ದರು, ಮೇಲೆ ಬರಲಿಲ್ಲ. “ನೀವು ಕೊಟ್ಟ ಮಾತು ಇನ್ನೂ ಅದರೊಳಗೈತೆ.”

“ಬರೀ ಬೀಜ ಇರ್ತಾವೆ ಬಿಡ್ರಿ,” ಎಂದ ಕೆಂಚೇಶ್. ಬಾಗಿಲ ಮೇಲೆ ತೂಗುತ್ತಿದ್ದ ಬೂದುಗುಂಬಳದ ಹಗ್ಗಕ್ಕೆ ಚಾಕು ಹಿಡಿದು ಕುರ್ಚಿಯ ಮೇಲೆ ನಿಂತಿದ್ದ.

ಅವನು ಸರ್ಕಾರಿ ಸರ್ವೆಯರ್. ನ್ಯಾಮತಿಗೆ ಬಂದು ಆರು ತಿಂಗಳಾಗಿತ್ತು. ಈಗ ಜಗಳೂರಿಗೆ ವರ್ಗವಾಗಿತ್ತು. ಅಲ್ಲೇ ಬಿಳಿಚೋಡಿನಲ್ಲಿ ಹೆಂಡತಿ ಜ್ಯೋತಿಲಕ್ಷ್ಮಿಗೆ ದಿನ ತುಂಬಿತ್ತು. ಈ ಬಾಡಿಗೆ ಮನೆಯ ಕರಾರು ಮಾತ್ರ ಹನ್ನೊಂದು ತಿಂಗಳದ್ದು. ಹಾಲುಕ್ಕಿಸಿದ ದಿನ ಮಾಲೀಕ ವಿರೂಪಾಕ್ಷಪ್ಪ ಈ ಕಾಯಿಯನ್ನು ಅವನ ಕೈಗಿತ್ತು, ಎಷ್ಟು ತಿಂಗಳು ಇರುತ್ತೀರೆಂದು ಕಾಯಿಗೇ ಹೇಳಿ ಎಂದಿದ್ದ. ಯಾರೂ ನಿಲ್ಲದ ಮನೆಗೆ ಆತ ಮಾಟ ಮಾಡಿಸಿದ್ದಾನೆಂದು ಬೀದಿಯಲ್ಲಿ ಗುಸುಗುಸು ಇತ್ತು. ಕೆಂಚೇಶ್ ನಗುತ್ತಲೇ “ಹನ್ನೊಂದು” ಎಂದಿದ್ದ.

ವಿರೂಪಾಕ್ಷಪ್ಪ ಕರಾರುಪತ್ರ ಹಿಡಿದು ಬಂದ.

“ಹೋಗ್ರಿ, ನನ್ನದೇನೂ ತಕರಾರಿಲ್ಲ. ಉಳಿದ ಐದು ತಿಂಗಳಿಗೆ ನಿಮ್ಮ ಕಡೆಯೋರು ಒಬ್ರು ಬೇಕು. ಹೆಸರು ಬರೀರಿ.”

“ಅವ್ರು ಬರದಿದ್ರೆ?”

“ಬರ್ತಾರೆ.”

ಕೆಂಚೇಶನಿಗೆ ತಮಾಷೆ ಹೊಳೆಯಿತು. ಯರ್ರಿಸ್ವಾಮಿ ಎಂದು ಬರೆದ. ಮೂರು ವರ್ಷದ ಹಿಂದೆ ತೀರಿಕೊಂಡ ಅವನ ಅಪ್ಪನ ಹೆಸರು. ವಿರೂಪಾಕ್ಷಪ್ಪ ಅದನ್ನು ಕಾಯಿಯ ಮುಂದೆ ಗಟ್ಟಿಯಾಗಿ ಹೇಳಿಸಿದ. ಗಾಳಿ ಇರಲಿಲ್ಲ. ಕಾಯಿ ನಿಧಾನವಾಗಿ ಒಂದು ಸುತ್ತು ತಿರುಗಿತು.

ಮಾಲೀಕ ಇಳಿದು ಹೋದ ಮೇಲೆ ಪ್ರೇಮಮ್ಮ ಕೇಳಿದರು, “ಯಾರ ಹೆಸರು ಸಾರ್ ಅದು?”

“ನಮ್ಮಪ್ಪಂದು. ಸತ್ತೋರು ಎಲ್ಲಿ ಬರ್ತಾರಮ್ಮಾ?”

“ಹೆಸರು ಇನ್ನೂ ಐತಲ್ಲ ಸಾರ್,” ಎಂದು ಆಕೆ ಸೆರಗು ಬಾಯಿಗೊತ್ತಿಕೊಂಡು ಇಳಿದರು.

ಹಗ್ಗ ಕತ್ತರಿಸಿದ. ಕಾಯಿ ಕೈಗೆ ಬಿತ್ತು. ಒಳಗೇನೂ ಇಲ್ಲವೆನ್ನುವಷ್ಟು ಹಗುರ. ಚರಂಡಿಗೆ ಎಸೆದ. ಅಂಗೈಗೆ ಮೆತ್ತಿದ ಬಿಳಿ ಬೂದಿ ತೊಳೆದರೆ ಹೋಯಿತು. ವಾಸನೆ ಹೋಗಲಿಲ್ಲ. ಒದ್ದೆ ಬೂದಿ, ಕೊಳೆತ ತಿರುಳು, ಅದರಡಿಯಲ್ಲಿ ಹಸಿ ಹಾಲಿನದು.

ಬಿಳಿಚೋಡಿನಲ್ಲಿ ಗಂಡು ಮಗು ಹುಟ್ಟಿತು. ಹನ್ನೆರಡನೇ ದಿನದ ಮಧ್ಯಾಹ್ನ ನಾಮಕರಣ. ಮನೆ ತುಂಬ ಜನ, ಊದುಬತ್ತಿಯ ಹೊಗೆ, ಮಗುವಿನ ಎಡೆಬಿಡದ ಅಳು. ಮಗುವಿಗೆ ಗಂಡಹೆಂಡತಿ ಬೇರೆಯೇ ಹೆಸರು ಗೊತ್ತುಮಾಡಿದ್ದರು. ಕೆಂಚೇಶನ ತಾಯಿ ಓಬವ್ವ ಕೂಸನ್ನು ಮಡಿಲಿಗೆ ಹಾಕಿಕೊಂಡು ಕಿವಿಯ ಬಳಿ ಬಾಗಿದಳು.

ಆ ವಾಸನೆ ಬಂತು.

“ಯರ್ರಿಸ್ವಾಮಿ,” ಎಂದಳು ಓಬವ್ವ.

ಕೆಂಚೇಶ್ ಕೂಗಿದ. “ಅವ್ವಾ, ಬ್ಯಾಡ! ಆ ಹೆಸರು ಬ್ಯಾಡ!”

“ಯಾಕೋ? ನಿಮ್ಮಪ್ಪನ ಹೆಸರು ಇಡದೆ ಬಿಡಾಕೆ ಆಗ್ತೈತಾ?”

ಜನರನ್ನು ತಳ್ಳಿಕೊಂಡು ನುಗ್ಗಿದ. ಯಾರದೋ ಕಾಲು ತುಳಿದ. ಅಕ್ಕಿಯ ತಟ್ಟೆ ಉರುಳಿತು. ಓಬವ್ವ ಹೆಸರು ಹೇಳಿದಳು, ಎರಡನೇ ಸಲ. ಕೈ ಚಾಚಿದ. ಮೂರನೇ ಸಲ.

ಅಳು ನಿಂತಿತು.

“ನೋಡು, ಅಜ್ಜನ ಹೆಸರು ಕೇಳಿ ಹೆಂಗೆ ಸುಮ್ಮನಾತು!” ಎಂದರು ಯಾರೋ. ಎಲ್ಲರೂ ನಕ್ಕರು.

ಜೇಬಿನಲ್ಲಿ ಫೋನು ಅದುರಿತು. ಪ್ರೇಮಮ್ಮ. ಪಿಸುದನಿ.

“ಸಾರ್... ನೀವಿದ್ದ ಮನೆ ಬಾಗಿಲ ಮೇಲೆ ಮತ್ತೆ ಏನೋ ತೂಗ್ತಾ ಐತೆ. ಬಟ್ಟೆ ಸುತ್ತೈತೆ. ಅಳ್ತಾ ಐತೆ ಸಾರ್.”

ಆಕೆಯ ದನಿಯ ಹಿಂದೆ ಆ ಅಳು ಕೇಳಿಸಿತು. ಹನ್ನೆರಡು ದಿನ ಕೇಳಿದ ಅಳು. ಅವನಿಗೆ ಗುರುತು ಸಿಕ್ಕಿತು.

ಫೋನು ಕೈಜಾರಿತು. ಓಬವ್ವ ಬಟ್ಟೆಯ ಗಂಟನ್ನು ಅವನ ತೋಳಿಗೆ ಹಾಕಿದಳು. ಹಗುರ. ತಣ್ಣಗೆ. ಬಟ್ಟೆ ಸರಿಸಿದ. ಕಣ್ಣು, ಮೂಗು, ಬಾಯಿ ಎಲ್ಲ ಇದ್ದವು. ಕೆನ್ನೆ ಮುಟ್ಟಿದ. ಬೆರಳಿಗೆ ಬಿಳಿ ಬೂದಿ ಹತ್ತಿತು.

ಜ್ಯೋತಿಲಕ್ಷ್ಮಿ ಚಾಪೆಯ ಮೇಲಿಂದ ಎರಡೂ ಕೈ ಚಾಚಿದಳು.

“ಇಲ್ಲಿ ಕೊಡ್ರಿ. ಹಸಿದೈತೆ, ಹಾಲು ಕುಡಿಸ್ತೀನಿ.”